ಸಹಾಯ ಬೇಕು: ಹೃದಯದಲ್ಲಿ ತೂತು, ವಾಲ್ವ್ ಕೂಡ ಕಿರಿದು. ಯಾವ ವಾಲ್ವ್ ಹಾಕಿಸೋದು?

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತಿಗೆಗೆ 42 ವರ್ಷ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ರಾತ್ರಿ ತಲೆಯ ಕೆಳಗೆ ಮೂರು ದಿಂಬು ಇಲ್ಲದೆ ಮಲಗಲು ಆಗುವುದಿಲ್ಲ. ಎಕೋದಲ್ಲಿ (ಹೃದಯದ ಸ್ಕ್ಯಾನ್) ಲುಟೆಂಬಾಕರ್ ಸಿಂಡ್ರೋಮ್ ಅಂತ ಬಂದಿದೆ. ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಹುಟ್ಟಿನಿಂದಲೇ ತೂತು, ಜೊತೆಗೆ ರುಮ್ಯಾಟಿಕ್ ಜ್ವರದಿಂದ ಕಿರಿದಾದ ಮೈಟ್ರಲ್ ವಾಲ್ವ್ (ಎಡಭಾಗದ ಮೇಲಿನ-ಕೆಳಗಿನ ಕೋಣೆಗಳ ನಡುವಿನ ಕವಾಟ). ಎರಡೂ ಒಬ್ಬರಿಗೇ ಬರುವುದು ಅಪರೂಪವಂತೆ.

ಕೆಲವರಿಗೆ ತೊಡೆಯ ರಕ್ತನಾಳದಿಂದಲೇ ಬಲೂನ್ ಹಾಕಿ ವಾಲ್ವ್ ಬಿಡಿಸಿ, ತೂತು ಮುಚ್ಚುವ ಡಿವೈಸ್ ಕೂರಿಸುತ್ತಾರೆ. ಇವರಿಗೆ ಅದು ಆಗಲ್ಲ ಅಂದರು. ವಾಲ್ವಿನಲ್ಲಿ ಕ್ಯಾಲ್ಸಿಯಂ ಕಟ್ಟಿದೆ, ತೂತಿನ ಸುತ್ತ ಡಿವೈಸ್ ಹಿಡಿದು ನಿಲ್ಲುವಷ್ಟು ಅಂಚೂ ಇಲ್ಲ. ಹಾಗಾಗಿ ಓಪನ್ ಹಾರ್ಟ್ ಸರ್ಜರಿ: ಒಂದೇ ಸಲಕ್ಕೆ ತೂತಿಗೆ ಪ್ಯಾಚ್, ಹೊಸ ವಾಲ್ವ್.

ಮೆಕ್ಯಾನಿಕಲ್ (ಕೃತಕ ವಸ್ತುವಿನ) ವಾಲ್ವ್ ಆದರೆ ಜೀವನಪೂರ್ತಿ ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ), ಆಗಾಗ ಐಎನ್ಆರ್ ಟೆಸ್ಟ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ರಕ್ತಪರೀಕ್ಷೆ). ಸೊಪ್ಪು ಈ ಮಾತ್ರೆಯ ಪರಿಣಾಮ ಕಡಿಮೆ ಮಾಡುವುದರಿಂದ ಅದನ್ನು ತಿನ್ನೋದಕ್ಕೂ ಲೆಕ್ಕ! ಟಿಶ್ಯೂ (ಪ್ರಾಣಿಯ ಅಂಗಾಂಶದ) ವಾಲ್ವ್ ಆದರೆ ಅದು ಸವೆದು ಮುಂದೆ ಇನ್ನೊಂದು ಆಪರೇಷನ್ ಬೇಕಾಗಬಹುದು. ನನಗೇನೋ ಮೆಕ್ಯಾನಿಕಲ್ ಸರಿ ಅನಿಸುತ್ತದೆ, ಆದರೆ ಅವರ ಹಳ್ಳಿಯಲ್ಲಿ ಲ್ಯಾಬೇ ಇಲ್ಲ.

ಮೆಕ್ಯಾನಿಕಲ್ ವಾಲ್ವ್ ಹಾಕಿಸಿಕೊಂಡು ಹಳ್ಳಿಯಲ್ಲೇ ಇರುವವರು ಐಎನ್ಆರ್ ಹೇಗೆ ನಿಭಾಯಿಸುತ್ತೀರಿ? ಬಿಪಿಎಲ್ ಕಾರ್ಡ್ ಇದೆ. ಬೆಂಗಳೂರಿನ ಜಯದೇವದಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ಮಾಡಿಸಿದವರು ಯಾವ ಯಾವ ಕಾಗದ ಒಯ್ದಿರಿ ಅಂತಲೂ ತಿಳಿಸಿ. ಮನೆಮದ್ದು ಮಾತ್ರ ದಯವಿಟ್ಟು ಬೇಡ.