ಸಹಾಯ ಬೇಕು: ಹಿತ್ತಲಿನ ಪೇರಲ ಹಣ್ಣುಗಳನ್ನು ಕೆಡದಂತೆ ಬಳಸುವುದು ಹೇಗೆ?

ಎಲ್ಲರಿಗೂ ಶರಣು. ಬೀದರಿನ ನಮ್ಮ ಹಿತ್ತಲಿನ ಪೇರಲ ಗಿಡಗಳು ಈ ಚಳಿಗಾಲದಲ್ಲಿ ಟೊಂಗೆ ಬಾಗುವಷ್ಟು ಫಲ ಬಿಟ್ಟಿದ್ದು, ನೆರೆಹೊರೆಯವರಿಗೆ ಹಂಚಿದ ಮೇಲೂ ಬುಟ್ಟಿಗಟ್ಟಲೆ ಹಣ್ಣು ಉಳಿದಿದೆ. ದೋರುಗಾಯಿಗಳಿಂದ ಬೆಲ್ಲ, ಹಸಿಮೆಣಸಿನಕಾಯಿ ಹಾಕಿ ಚಟ್ನಿ ಮಾಡುತ್ತಿದ್ದೇವೆ. ಜೋಳದ ರೊಟ್ಟಿಗೆ ಅದು ಬಹಳ ಚೆನ್ನಾಗಿ ಹೊಂದುತ್ತದೆ. ಚಿಂತೆ ಇರುವುದು ಪೂರ್ತಿ ಮಾಗಿದ ಹಣ್ಣುಗಳದು, ಏಕೆಂದರೆ ಅವು ಬೇಗನೆ ಮೆತ್ತಗಾಗಿ ಕೆಡುತ್ತವೆ. ಪೇರಲದಲ್ಲಿ ಪೆಕ್ಟಿನ್ (ರಸವನ್ನು ಗಟ್ಟಿಯಾಗಿಸುವ ಅಂಶ) ಹೇರಳವಾಗಿರುವುದರಿಂದ, ಹೋಳುಗಳನ್ನು ಬೇಯಿಸಿ ಸೋಸಿದ ರಸಕ್ಕೆ ಸಕ್ಕರೆ ಮತ್ತು ನಿಂಬೆರಸ ಸೇರಿಸಿ ಕುದಿಸಿದರೆ ಜೆಲ್ಲಿ ತಾನಾಗಿಯೇ ಗಟ್ಟಿಯಾಗುತ್ತದೆ. ಆದರೆ ಬಟ್ಟೆಯಲ್ಲಿ ಉಳಿಯುವ ತಿರುಳನ್ನು ಎಸೆಯಲು ನನಗೆ ಮನಸ್ಸಾಗುವುದಿಲ್ಲ. ಬೀಜ ತೆಗೆದು ಅದರಿಂದ ಬರ್ಫಿ ಮಾಡುವವರು ಯಾರಾದರೂ ಇದ್ದರೆ, ಸಕ್ಕರೆಯ ಬದಲು ಬೆಲ್ಲ ಹಾಕಬಹುದೇ, ಯಾವ ಹದಕ್ಕೆ ಒಲೆಯಿಂದ ಇಳಿಸಬೇಕು, ಫ್ರಿಜ್ ಇಲ್ಲದೆ ಎಷ್ಟು ದಿನ ಇಡಬಹುದು ಎಂಬುದನ್ನು ದಯವಿಟ್ಟು ಅಳತೆಯ ಸಮೇತ ತಿಳಿಸಿರಿ.