ಸಹಾಯ ಬೇಕು: ತಯಾರಿಕೆ ನಿಂತಿರುವ ಕಂಟ್ರೋಲ್ ಪ್ಯಾನೆಲ್ ಬಿಡಿಭಾಗಗಳ ನಿರ್ವಹಣೆ

ಎಲ್ಲ ಸದಸ್ಯರಿಗೂ ನಮಸ್ಕಾರ. ನಾನು ನೋಡಿಕೊಳ್ಳುತ್ತಿರುವ 9 ಕಂಟ್ರೋಲ್ ಪ್ಯಾನೆಲ್‌ಗಳು 20 ವರ್ಷಕ್ಕಿಂತ ಹಳೆಯವಾಗಿದ್ದು, ಅವುಗಳ ಪಿಎಲ್‌ಸಿ (ಯಂತ್ರಗಳನ್ನು ಪ್ರೋಗ್ರಾಂ ಪ್ರಕಾರ ನಿಯಂತ್ರಿಸುವ ಕೈಗಾರಿಕಾ ಕಂಪ್ಯೂಟರ್) ಕಾರ್ಡ್ ಹಾಗೂ ಪವರ್ ಸಪ್ಲೈಗಳ ತಯಾರಿಕೆ ಸಂಪೂರ್ಣವಾಗಿ ನಿಂತಿದೆ. ಕಳೆದ ತಿಂಗಳು ಒಂದು ಪವರ್ ಸಪ್ಲೈ ಕೆಟ್ಟಾಗ, ಸ್ಟೋರ್‌ನಲ್ಲಿ 8 ವರ್ಷಗಳಿಂದ ಪೊಟ್ಟಣ ಒಡೆಯದೆ ಇಟ್ಟಿದ್ದ ಹೊಸದನ್ನು ಜೋಡಿಸಿದೆವು; ಅದು ಒಂದು ದಿನವೂ ಬಾಳಲಿಲ್ಲ. ಪವರ್ ಸಪ್ಲೈ ಒಳಗಿನ, ವಿದ್ಯುತ್ ಸಂಗ್ರಹಿಸುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನು ಬಳಸದೆ ಇಟ್ಟರೆ ಅವುಗಳ ನಿರೋಧಕ ಆಕ್ಸೈಡ್ ಪದರ ಕಾಲಕ್ರಮೇಣ ಕ್ಷೀಣಿಸುತ್ತದೆ ಎಂಬುದು ಗೊತ್ತಿದ್ದರೂ, ದಾಸ್ತಾನಿನಲ್ಲಿರುವ ಭಾಗಗಳಿಗೆ ನಿಯತಕಾಲಿಕವಾಗಿ ವಿದ್ಯುತ್ ಕೊಟ್ಟು ಪರೀಕ್ಷಿಸುವ ಪದ್ಧತಿಯನ್ನು ನಾವು ಇಟ್ಟುಕೊಂಡಿರಲಿಲ್ಲ. ಆ ತಪ್ಪು ನಮ್ಮದೇ.

ಇಂತಹ ಭಾಗಗಳಿಗೆ ಎಷ್ಟು ತಿಂಗಳಿಗೊಮ್ಮೆ, ವೋಲ್ಟೇಜನ್ನು ಯಾವ ಕ್ರಮದಲ್ಲಿ ಏರಿಸುತ್ತಾ ವಿದ್ಯುತ್ ಕೊಡುತ್ತೀರಿ ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು. ಒಂದು ಪ್ಯಾನೆಲ್‌ಅನ್ನು ಹೊಸ ಪಿಎಲ್‌ಸಿಗೆ ಬದಲಾಯಿಸಿ, ಅದರಿಂದ ಬಿಚ್ಚಿದ ಕಾರ್ಡ್‌ಗಳನ್ನು ಉಳಿದ 8ಕ್ಕೆ ಮೀಸಲಿಡುವ ಯೋಚನೆ ನನ್ನದು. ಮೂಲ ತಿಳಿಯದ ಹಳೆಯ ಕಾರ್ಡ್‌ಗಳನ್ನು ಕೊಳ್ಳುವುದಕ್ಕಿಂತ ಇದೇ ಸುರಕ್ಷಿತವೆಂದು ನನಗೆ ತೋರುತ್ತದೆ. ಹೀಗೆ ಮಾಡಿದವರಿದ್ದರೆ, ಯಾವ ಪ್ಯಾನೆಲ್‌ಅನ್ನು ಮೊದಲು ಆರಿಸಿಕೊಂಡಿರಿ, ಬಿಚ್ಚಿದ ಕಾರ್ಡ್‌ಗಳನ್ನು ದಾಸ್ತಾನಿಗೆ ಸೇರಿಸುವ ಮುನ್ನ ಹೇಗೆ ಪರೀಕ್ಷಿಸಿದಿರಿ? ಪಿಎಲ್‌ಸಿಯ ಪ್ರೋಗ್ರಾಂ, ವಿದ್ಯುತ್ ಹಾಗೂ ಬ್ಯಾಟರಿ ಎರಡೂ ತಪ್ಪಿದರೆ ಅಳಿಸಿಹೋಗುವ, ಬ್ಯಾಟರಿಯ ಆಧಾರದ ಮೆಮೊರಿಯಲ್ಲಿರುವುದರಿಂದ, ಬ್ಯಾಕಪ್ ತೆಗೆಯದೆ ಯಾವುದನ್ನೂ ಮುಟ್ಟುವುದಿಲ್ಲ.