ಅಮ್ಮನ ಬದುಕನ್ನು ಮೊಮ್ಮಕ್ಕಳಿಗಾಗಿ ಬರೆದಿಡುವುದು ಹೇಗೆ? ಅನುಭವ ಇರುವವರು ಹೇಳಿ

ಕೇಳಿದವರು, ಕಟಪಾಡಿಯಿಂದ:

ಅಮ್ಮ ಹೋದ ವಾರ ತೀರಿಕೊಂಡರು. ಎಂಬತ್ತು ದಾಟಿತ್ತು. ಶಂಕರಪುರದ ಹತ್ತಿರ ಮಲ್ಲಿಗೆ ಕಟ್ಟಿಯೇ ನಮ್ಮನ್ನು ಓದಿಸಿದವರು, ಆಮೇಲೆ ಮೊಮ್ಮಕ್ಕಳನ್ನೂ ಸಾಕಿದವರು. ಉತ್ತರಕ್ರಿಯೆಯ ದಿನ ನುಡಿನಮನದ ಮಾತು ನಾನೇ ಆಡಬೇಕು. ಜೊತೆಗೆ ಬೆಂಗಳೂರಿನಲ್ಲಿ, ದುಬೈಯಲ್ಲಿ ಇರುವ ಮೊಮ್ಮಕ್ಕಳಿಗೆ ಒಂದು ಸಣ್ಣ ಪುಸ್ತಿಕೆ ಮಾಡಿ ಕೊಡಬೇಕೆಂಬ ಆಸೆಯಿದೆ. ಆದರೆ ಅಮ್ಮ ಹುಟ್ಟಿದ ವರ್ಷವೇ ಸರಿಯಾಗಿ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ, ಕಿನ್ನಿಗೋಳಿಯಿಂದ:

ಅಣ್ಣಾ, ಅಮ್ಮನಿಗೆ ಸದ್ಗತಿ ಸಿಗಲಿ. ನುಡಿನಮನಕ್ಕೆ ಕೂರುವ ಮೊದಲು ‘ಮಮತಾಮಯಿ’, ‘ತ್ಯಾಗಮೂರ್ತಿ’ ಎಂಬ ಪದಗಳನ್ನು ದಯವಿಟ್ಟು ಬದಿಗಿಡಿ. ಅವು ಸುಳ್ಳೆಂದಲ್ಲ. ಎಲ್ಲ ಶ್ರದ್ಧಾಂಜಲಿ ಸಭೆಗಳಲ್ಲೂ ಅವೇ ಕೇಳಿಬರುವುದರಿಂದ, ಕುಳಿತವರ ಕಿವಿಗೆ ನಿಮ್ಮ ಅಮ್ಮನೂ ಇನ್ನೊಬ್ಬರ ಅಮ್ಮನೂ ಒಂದೇ ಆಗಿಬಿಡುತ್ತಾರೆ. ಪತ್ರಿಕೆಯ ನಿಧನ ವಾರ್ತೆಯೂ ಹಾಗೆಯೇ: ಪುತ್ರ, ಪುತ್ರಿಯರು, ಸೊಸೆಯಂದಿರು, ಮೊಮ್ಮಕ್ಕಳು, ಅಪಾರ ಬಂಧುಬಳಗವನ್ನು ಅಗಲಿದ್ದಾರೆ ಎಂದು ಮುಗಿಯುತ್ತದೆ. ಯಾರನ್ನು ಅಗಲಿದರು ಎಂಬುದು ಗೊತ್ತಾಗುತ್ತದೆ, ಅಗಲಿದವರು ಯಾರು ಎಂಬುದು ಗೊತ್ತಾಗುವುದಿಲ್ಲ.

ಅವರ ಕೈ ಏನು ಮಾಡುತ್ತಿತ್ತು ಎಂದು ಹೇಳಿ. ಸುಮಾರು 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ದುಬೈಯಲ್ಲಿ ಬೆಳೆದ ಮಗುವಿಗೆ ಗೊತ್ತಿಲ್ಲ. ಎರಡು ಅಟ್ಟೆ ಕಟ್ಟಿದ ದಿನ ಆರು ಸಾವಿರಕ್ಕೂ ಮಿಕ್ಕಿದ ಮೊಗ್ಗು ಅವರ ಬೆರಳುಗಳ ನಡುವೆ ಹಾದಿದೆ. ಬೆಳಗಿನ ಜಾವ ಎದ್ದು ಕೊಯ್ದದ್ದು, ಬಾಳೆ ನಾರಿನಲ್ಲಿ ಕಟ್ಟಿದ್ದು, ಇಂದು ಅಟ್ಟೆಗೆ ಎಷ್ಟು ದರ ಬಿತ್ತು ಎಂದು ವಿಚಾರಿಸಿದ್ದು, ಆ ದುಡ್ಡಿನಲ್ಲಿ ಯಾರ ಫೀಸು ಕಟ್ಟಿದ್ದು, ಇಷ್ಟು ಹೇಳಿದರೆ ಸಾಕು. ಮಳೆಗಾಲದಲ್ಲಿ ಹೂ ಕಡಿಮೆಯಾದಾಗ ಮನೆ ಹೇಗೆ ನಡೆಯಿತು ಎಂಬುದನ್ನು ಬಿಡಬೇಡಿ. ನನಗೆ ಕೇಳಿದರೆ ಅದೇ ಮುಖ್ಯ ಭಾಗ.

ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದರು. ರಾತ್ರಿ ಎಲೆ ನೆನೆಸಿಟ್ಟು, ಬೆಳಗ್ಗೆ ಅಚ್ಚು ಇಟ್ಟು ಕತ್ತರಿಸಿ, ಗೆರಸೆಯನ್ನು ಮಡಿಲಲ್ಲಿ ಇಟ್ಟುಕೊಂಡು ಜಗಲಿಯಲ್ಲಿ ಕುಳಿತರೆ ನನ್ನ ಮಕ್ಕಳಿಬ್ಬರೂ ಅವರ ಬೆನ್ನಿಗೆ ಒರಗಿಯೇ ಮಗ್ಗಿ ಕಲಿತರು. ಇದು ಮನೆಯವರಿಗೆಲ್ಲ ಗೊತ್ತಿದ್ದ ವಿಷಯ. ಗೊತ್ತಿಲ್ಲದ್ದನ್ನು ಹೇಳಿದವರು ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ಬಂದಿದ್ದ ಅವರ ಬ್ರಾಂಚಿನ (ಕಟ್ಟಿದ ಬೀಡಿ ಒಪ್ಪಿಸುವ ಕಡೆಯ) ಗೆಳತಿ. ನೆರೆಮನೆಯ ಹೆಂಗಸು ಹೆತ್ತು ಮಲಗಿದ್ದಾಗ ಬೀಡಿಯ ಲೆಕ್ಕ ಬರೆಯುವ ಅವಳ ಪಾಸ್‌ಪುಸ್ತಕ ಖಾಲಿ ಬೀಳಬಾರದೆಂದು ಅಮ್ಮ ರಾತ್ರಿ ಕುಳಿತು ಅವಳ ಲೆಕ್ಕಕ್ಕೆ ಬೀಡಿ ಕಟ್ಟಿ ಕೊಟ್ಟಿದ್ದರಂತೆ. ನಮಗೆ ಒಂದು ದಿನವೂ ಹೇಳಿರಲಿಲ್ಲ. ಅದನ್ನು ಕೇಳಿ ನನ್ನ ದೊಡ್ಡ ಮಗಳು ಅತ್ತಷ್ಟು ಸುಡುವ ದಿನವೂ ಅತ್ತಿರಲಿಲ್ಲ. ಆದ್ದರಿಂದ ಹೂ ಒಯ್ಯುತ್ತಿದ್ದವರನ್ನು, ಜೊತೆಗೆ ಕಟ್ಟುತ್ತಿದ್ದವರನ್ನು ಉತ್ತರಕ್ರಿಯೆಗೆ ಕರೆಯಿರಿ, ಊಟವಾದ ಮೇಲೆ ಪಕ್ಕದಲ್ಲಿ ಕುಳಿತು ಮಾತನಾಡಿಸಿ. ಅವರಿಗೂ ವಯಸ್ಸಾಗಿದೆ, ಮುಂದಿನ ವರ್ಷ ಕೇಳೋಣ ಎನ್ನಬೇಡಿ.

ಹುಟ್ಟಿದ ವರ್ಷಕ್ಕೆ ಆಧಾರ್ ಕಾರ್ಡನ್ನು ನಂಬಬೇಡಿ. ಆ ತಲೆಮಾರಿನ ಎಷ್ಟೋ ಜನರಿಗೆ ಜನವರಿ 1 ಎಂದೇ ಬರೆದಿರುತ್ತಾರೆ. ಉಡುಪಿ ಕಡೆಯವರಿಗೆ ಪರ್ಯಾಯಕ್ಕಿಂತ ಒಳ್ಳೆಯ ಪಂಚಾಂಗ ಇಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಕೃಷ್ಣ ಮಠದ ಪೂಜೆಯ ಅಧಿಕಾರ ಒಂದು ಮಠದಿಂದ ಇನ್ನೊಂದಕ್ಕೆ ಹೋಗುತ್ತದೆ, ಅಷ್ಟ ಮಠಗಳಾದ್ದರಿಂದ ಒಂದೇ ಮಠಕ್ಕೆ ಮತ್ತೆ ಸರದಿ ಬರುವುದು 16 ವರ್ಷಕ್ಕೆ. ಪೇಜಾವರ ಮಠದ ವಿಶ್ವೇಶತೀರ್ಥ ಸ್ವಾಮಿಗಳ ಮೊದಲ ಪರ್ಯಾಯ 1952ರಲ್ಲಿ, ಆಮೇಲೆ 1968, 1984, 2000, 2016. ನನ್ನ ಅಮ್ಮ ‘ಪೇಜಾವರರ ಮೊದಲ ಪರ್ಯಾಯ ನೋಡಲು ಅಪ್ಪನ ಹೆಗಲ ಮೇಲೆ ಕುಳಿತು ಹೋಗಿದ್ದೆ’ ಎನ್ನುತ್ತಿದ್ದರು. ಹೆಗಲ ಮೇಲೆ ಕೂರುವ ಮಗುವೆಂದರೆ ಮೂರೋ ನಾಲ್ಕೋ ವರ್ಷ, ಅಲ್ಲಿಗೆ 1948ರ ಆಸುಪಾಸು. ಆಟಿಯ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಮಳೆಯಲ್ಲಿ ಹುಟ್ಟಿದ್ದು ಎಂದು ಸೋದರಮಾವ ಹೇಳಿದರು, ತಿಂಗಳೂ ಸಿಕ್ಕಿತು. ಹೀಗೆಯೇ 1974ರ ನೇತ್ರಾವತಿ ನೆರೆ, ಅದೇ ವರ್ಷದ ಭೂಸುಧಾರಣೆಯ ನಂತರ ಗೇಣಿದಾರರು ಉಳುವ ಜಮೀನು ತಮಗೆ ಬೇಕೆಂದು ಡಿಕ್ಲರೇಷನ್ (ಅರ್ಜಿ) ಹಾಕಿದ ಕಾಲ, 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾದದ್ದು, ಇವುಗಳ ಹಿಂದೆ ಮುಂದೆ ಮದುವೆ, ಹೆರಿಗೆ, ಮನೆ ಕಟ್ಟಿದ್ದು ಯಾವುದು ಎಂದು ಹಿರಿಯರನ್ನು ಕೇಳಿ. ಇಸವಿ ಕೇಳಿದರೆ ಅವರು ತಡವರಿಸುತ್ತಾರೆ, ನೆರೆಯ ಹೆಸರು ಹೇಳಿದರೆ ಮನೆಯೊಳಗೆ ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದನ್ನೂ ತೋರಿಸುತ್ತಾರೆ.

ಉತ್ತರ, ಮಂಗಳೂರಿನ ಬೋಳಾರದಿಂದ:

ಕಿನ್ನಿಗೋಳಿಯ ಅಕ್ಕ ಹೇಳಿದ್ದಕ್ಕೆ ನನ್ನದೂ ಒಂದಿಷ್ಟು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕೆಲಸ ಆರಂಭಿಸಿದ ಮೇಲೆ ನಮ್ಮ ಈ ನದೀತೀರದಲ್ಲಿ ಕಾರ್ಖಾನೆಗಳು ಸಾಲಾಗಿ ಬಂದವು, ನನ್ನ ಅಜ್ಜಿ ಅಂಥ ಒಂದರಲ್ಲಿ ಮಣ್ಣು ಹೊತ್ತವರು. ಹಳೆಯ ಮನೆ ಕೆಡವಿದಾಗ ಮಾಡಿನಿಂದ ಒಂದು ಹಂಚು ತೆಗೆದಿಟ್ಟಿದ್ದೇವೆ, ಅದರ ಮೇಲೆ ಕಾರ್ಖಾನೆಯ ಮುದ್ರೆ ಇದೆ. ಮೊಮ್ಮಕ್ಕಳಿಗೆ ಅಜ್ಜಿಯ ಕಥೆ ಹೇಳುವಾಗ ಅದನ್ನು ಕೈಯಲ್ಲಿ ಎತ್ತಿ ಕೊಡುತ್ತೇನೆ, ಅದರ ಭಾರ ಅವರಿಗೂ ತಿಳಿಯಲಿ ಎಂದು. ನಾವು ಕ್ರೈಸ್ತರಾದ್ದರಿಂದ ತಾರೀಖಿಗೆ ಕಷ್ಟವಾಗಲಿಲ್ಲ, ಇಗರ್ಜಿಯ (ಚರ್ಚಿನ) ದೀಕ್ಷಾಸ್ನಾನದ ದಾಖಲೆ ಪುಸ್ತಕದಲ್ಲಿ ಎಲ್ಲವೂ ಇತ್ತು. ಉಳಿದವರು ಶಾಲೆಯ ದಾಖಲಾತಿ ಪುಸ್ತಕವನ್ನು ಕೇಳಿ ನೋಡಬಹುದು.

ಹಳೆಯ ಫೋಟೋಗಳನ್ನು ಈ ಮಳೆಗಾಲಕ್ಕೆ ಮೊದಲೇ ಮೊಬೈಲಿನಲ್ಲಿ ತೆಗೆದಿಡಿ. ಅಂಟುವ ಹಾಳೆಯ ಆಲ್ಬಮ್‌ಗೆ ನಮ್ಮ ಕರಾವಳಿಯ ತೇವ ಹಿಡಿದರೆ ಮುಖವೇ ಕಿತ್ತುಬರುತ್ತದೆ. ಯಾರು ಯಾರು ಎಂದು ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಮೆಲ್ಲಗೆ ಬರೆಯಿರಿ.

ಉತ್ತರ, ಉಡುಪಿಯಿಂದ (ನಾನು ಮೊಮ್ಮಗಳು):

ಪುಸ್ತಿಕೆ ನಮ್ಮಂಥವರಿಗಾಗಿ ಎಂದಿರಿ, ಆದ್ದರಿಂದ ಹೇಳುತ್ತೇನೆ. ನನಗೆ ಬೇಕಾಗಿದ್ದದ್ದು ಅಜ್ಜಿಯ ಪತ್ರೊಡೆ. ಅಮ್ಮನೂ ಚಿಕ್ಕಮ್ಮನೂ ನೆನಪಿನಿಂದ ಬರೆದುಕೊಟ್ಟ ಅಳತೆ ಒಂದಕ್ಕೊಂದು ಹೊಂದಲಿಲ್ಲ. ಕೊನೆಗೆ ಆಟಿಯಲ್ಲಿ ಎಲ್ಲರೂ ಸೇರಿ, ಅಜ್ಜಿ ಅಳೆಯುತ್ತಿದ್ದ ಅದೇ ಕುಡ್ತೆಯಲ್ಲಿ (ಅಳತೆಯ ಪಾತ್ರೆ) ಅಕ್ಕಿ ಅಳೆದು, ಕೆಸುವಿನ ಎಲೆಗೆ ಹಿಟ್ಟು ಸವರಿ ಸುತ್ತಿ ಬೇಯಿಸಿ, ತಿಂದು ನೋಡಿ, ಹುಣಸೆ ಹೆಚ್ಚಿಸಿ ಬರೆದುಕೊಂಡೆವು. ಆ ವರ್ಷ ತೀರಿಕೊಂಡ ಹಿರಿಯರಿಗೆ ಅಗೆಲು (ಎಡೆ) ಬಡಿಸುವಾಗ ಅಜ್ಜಿಯ ಎಲೆಗೂ ಅದನ್ನೇ ಬಡಿಸಿದೆವು. ಅಳತೆ ಬರೆದ ಹಾಳೆಯ ಪ್ರತಿ ಈಗ ಅಬುಧಾಬಿಯಲ್ಲಿರುವ ಅಣ್ಣನ ಅಡುಗೆಮನೆಯಲ್ಲೂ ಇದೆ.

ಇನ್ನೊಂದು ಮಾತು, ಇದಕ್ಕೆ ತಡ ಮಾಡಬೇಡಿ. ಅಮ್ಮ ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶ ಕಳುಹಿಸುತ್ತಿದ್ದರೆ ಮೊಮ್ಮಕ್ಕಳಿಗೆಲ್ಲ ತಿಳಿಸಿ, ಒಂದೊಂದನ್ನೂ ಬೇರೆ ಕಡೆ ಉಳಿಸಿಕೊಳ್ಳಲಿ. ‘ಊಟ ಆಯಿತಾ, ಮಳೆ ಉಂಟಾ’ ಎಂಬಷ್ಟೇ ಇದ್ದರೂ ಅಳಿಸಬೇಡಿ. ಅವರ ಮೊಬೈಲನ್ನು ಯಾರಿಗಾದರೂ ಕೊಡುವುದು, ಸಿಮ್ ನಿಲ್ಲಿಸುವುದು ಎಲ್ಲ ಅದರ ನಂತರ.